ಬೇಡದ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲರ್ ಹಂತದಲ್ಲೇ ತಡೆಯುವುದು ಹೇಗೆ?

ಗುಬ್ಬಿಗೂಡು

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುವ ಕಂಪ್ಯೂಟರ್ ಕೊಠಡಿಯಲ್ಲಿ 20 ಹಳೆಯ ಯಂತ್ರಗಳಿವೆ. ಒಂದೊಂದರಲ್ಲೂ 32 ಜಿಬಿಯ ಸಣ್ಣ ಎಸ್ಎಸ್‌ಡಿ. ಎಲ್ಲದಕ್ಕೂ ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಸ್ಥಾಪಿಸದೆಯೇ ಓಡಿಸಿ ನೋಡಬಹುದಾದ ಲೈವ್ ಐಎಸ್ಒ ಕಡತವನ್ನು ಪೆನ್‌ಡ್ರೈವ್‌ಗೆ ಬರೆದು, ಅದರಿಂದ ಬೂಟ್ ಮಾಡಿ, ಅದರಲ್ಲೇ ಇದ್ದ ಕಲಮಾರಿಸ್ ಇನ್‌ಸ್ಟಾಲರ್ ಬಳಸಿ ನಾಲ್ಕು ಯಂತ್ರಗಳನ್ನು ಮುಗಿಸಿದೆ.

ಆಮೇಲೆ ಮೆನು ತೆರೆದು ನೋಡಿದರೆ, ನಾನು ಕೇಳದೇ ಇದ್ದ ಪ್ಯಾಕೇಜ್‌ಗಳೆಲ್ಲ (ತಂತ್ರಾಂಶದ ಕಟ್ಟುಗಳು) ಅಲ್ಲಿ ಕುಳಿತಿವೆ. ಜಪಾನಿ ಭಾಷೆ ಬರೆಯಲು ಮೊಜ್ಕ್, ಥಾಯ್ ಲಿಪಿಗೆಂದೇ ಒಂದು ಟರ್ಮಿನಲ್, ಅದರ ಪಕ್ಕದಲ್ಲಿ ಬಹುಭಾಷೆಗೆಂದು ಇನ್ನೊಂದು ಟರ್ಮಿನಲ್, ಗೋಲ್ಡನ್‌ಡಿಕ್ಟ್ ನಿಘಂಟು, ಆಟಗಳ ಸಾಲು. ಒಂದೊಂದಾಗಿ ತೆಗೆಯಲು ಕುಳಿತೆ. ಬೇಸರವಾಗಿ ಮೂರನೆಯ ಯಂತ್ರದಲ್ಲಿ ಫಾಂಟ್ ಪ್ಯಾಕೇಜ್‌ಗಳ ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ಒಟ್ಟಿಗೆ ಅಳಿಸಲು ಹೋದೆ. ಕನ್ನಡ ಫಾಂಟ್‌ಗಳಾದ ಲೋಹಿತ್, ನವಿಲು, ಗುಬ್ಬಿ ಮೂರೂ ಹೋದವು. ಮತ್ತೆ ಲಾಗಿನ್ ಆದಾಗ ಕನ್ನಡ ಇರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು. ಆ ಯಂತ್ರವನ್ನು ಮೊದಲಿನಿಂದ ಮಾಡಬೇಕಾಯಿತು.

ಇನ್ನೂ 16 ಯಂತ್ರಗಳು ಬಾಕಿ ಇವೆ. ಒಳಗೆ ಬಂದಮೇಲೆ ಗುಡಿಸುವ ಬದಲು ಬಾಗಿಲಲ್ಲೇ ತಡೆಯುವ ದಾರಿ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ಬೂಟ್‌ಕಲ್ಲು

ಮೊದಲು ಲೈವ್ ಐಎಸ್ಒ ಬಿಡಿ. ನಿಮ್ಮ ತೊಂದರೆಯ ಬೇರು ಅಲ್ಲಿದೆ.

ಲೈವ್ ಐಎಸ್ಒ ಒಳಗೆ ಸ್ಕ್ವಾಷ್‌ಎಫ್‌ಎಸ್ ಎಂಬ ಕುಗ್ಗಿಸಿದ ಕಡತ ಒಂದಿರುತ್ತದೆ. ಪೂರ್ತಿ ವ್ಯವಸ್ಥೆ ಮೊದಲೇ ಸಿದ್ಧವಾಗಿ ಅದರೊಳಗೆ ಕುಳಿತಿರುತ್ತದೆ. ಕಲಮಾರಿಸ್ ಪ್ಯಾಕೇಜ್‌ಗಳನ್ನು ಆರಿಸಿ ಹಾಕುವುದಿಲ್ಲ, ಆ ಕಡತವನ್ನು ಬಿಚ್ಚಿ ನಿಮ್ಮ ಡಿಸ್ಕ್‌ಗೆ ಇಡಿಯಾಗಿ ನಕಲು ಮಾಡುತ್ತದೆ. ಲೈವ್ ವ್ಯವಸ್ಥೆಯನ್ನು ಯಾವ ಭಾಷೆಯವರು ಬೂಟ್ ಮಾಡುತ್ತಾರೋ ಗೊತ್ತಿರುವುದಿಲ್ಲವಲ್ಲ, ಹಾಗಾಗಿ ಎಲ್ಲ ಭಾಷೆಗಳ ಸಾಮಗ್ರಿಯನ್ನೂ ಅದರಲ್ಲಿ ತುಂಬಿರುತ್ತಾರೆ. ಜಪಾನಿಯವರಿಗೆ ಮೊಜ್ಕ್ ಬೇಕೇ ಬೇಕು. ನಕಲು ಮಾಡುವಾಗ ಅದು ನಿಮ್ಮ ಮನೆಗೂ ಬರುತ್ತದೆ.

ಪ್ಯಾಕೇಜ್‌ಗಳನ್ನು ಜಾಲದಿಂದ ತರಿಸಿಕೊಳ್ಳುವ ನೆಟ್‌ಇನ್‌ಸ್ಟ್ ಐಎಸ್ಒ ಕೆಲಸ ಮಾಡುವ ರೀತಿಯೇ ಬೇರೆ. ಅದು ಡೆಬೂಟ್‌ಸ್ಟ್ರ್ಯಾಪ್ ಎಂಬ ಉಪಕರಣದ ಮೂಲಕ ಮೂಲ ವ್ಯವಸ್ಥೆಯನ್ನು ಕಟ್ಟಿ, ಆಮೇಲೆ ಟಾಸ್ಕ್‌ಸೆಲ್ ಪರದೆಯಲ್ಲಿ ಏನೇನು ಬೇಕು ಎಂದು ಕೇಳುತ್ತದೆ. ಗ್ನೋಮ್, ಎಕ್ಸ್‌ಎಫ್‌ಸಿಇ, ಕೆಡಿಇ ಎಂಬ ಡೆಸ್ಕ್‌ಟಾಪ್‌ಗಳು, ವೆಬ್ ಸರ್ವರ್, ಎಸ್ಎಸ್ಎಚ್ ಸರ್ವರ್, ಕೊನೆಯಲ್ಲಿ ಸಾಮಾನ್ಯ ಉಪಕರಣಗಳು. ಸ್ಪೇಸ್ ಕೀಲಿ ಒತ್ತಿ ಗುರುತು ಹಾಕುವುದು, ತೆಗೆಯುವುದು. ಭಾಷೆಯ ಟಾಸ್ಕ್ (ಒಂದು ಕೆಲಸಕ್ಕೆ ಬೇಕಾದ ಪ್ಯಾಕೇಜ್‌ಗಳ ಗುಂಪು) ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಮೊದಲ ಪರದೆಯಲ್ಲಿ ನೀವು ಕನ್ನಡ ಆರಿಸಿದ್ದರೆ ಕನ್ನಡದ ಟಾಸ್ಕ್ ಮಾತ್ರ ತಾನಾಗಿ ಸೇರಿಕೊಳ್ಳುತ್ತದೆ, ಥಾಯ್ ಟರ್ಮಿನಲ್ ಹತ್ತಿರವೂ ಸುಳಿಯುವುದಿಲ್ಲ.

ಈಗಾಗಲೇ ಮುಗಿಸಿದ ಯಂತ್ರಗಳನ್ನು ಪ್ಯಾಕೇಜ್ ಹೆಸರು ಹಿಡಿದು ಗುಡಿಸಬೇಡಿ, ಮತ್ತೆ ಹಾಕಿಬಿಡಿ. ಸಮಯ ಉಳಿಯುತ್ತದೆ.

ಗುಬ್ಬಿಗೂಡು

ಬೂಟ್‌ಕಲ್ಲು ಅವರೇ, ತುಂಬಾ ಧನ್ಯವಾದ. ನಿನ್ನೆ ರಾತ್ರಿ ಕುಳಿತು ನೆಟ್‌ಇನ್‌ಸ್ಟ್‌ನಿಂದ ಎರಡು ಯಂತ್ರ ಮಾಡಿದೆ. ಎಕ್ಸ್‌ಎಫ್‌ಸಿಇ ಮತ್ತು ಸಾಮಾನ್ಯ ಉಪಕರಣಗಳಿಗೆ ಮಾತ್ರ ಗುರುತು ಹಾಕಿದೆ. ಮೆನು ಎಷ್ಟೋ ಹಗುರವಾಗಿದೆ.

ಆದರೆ ಎರಡು ಸಂಗತಿ ಅರ್ಥವಾಗಲಿಲ್ಲ. ಎಕ್ಸ್‌ಎಫ್‌ಸಿಇ ಕೇಳಿದ್ದಕ್ಕೆ ಲಿಬ್ರೆಆಫೀಸ್, ಸ್ಕ್ಯಾನರ್ ತಂತ್ರಾಂಶ, ಓರ್ಕಾ ಎಂಬ ಇನ್ನೊಂದು, ಇವೆಲ್ಲ ಯಾಕೆ ಬಂದವು? ಎರಡನೆಯದು ಇನ್ನೂ ವಿಚಿತ್ರ. ಕಡತ ಸಂಗ್ರಹಕ್ಕೆಂದು ಇಟ್ಟ ಯಂತ್ರದಲ್ಲಿ ಎರಡು ಡಿಸ್ಕ್‌ಗಳನ್ನು ಜೋಡಿಸುವ ರೇಯ್ಡ್ ಮಾಡಲು ಎಂಡಿಎಡಿಎಂ ಎಂಬ ಉಪಕರಣ ಹಾಕಿದೆ. ಅದರ ಬೆನ್ನಿಗೇ ಎಕ್ಸಿಮ್ ಎಂಬ ಮೇಲ್ ಸರ್ವರ್ ಬಂದು ಕುಳಿತಿತು! ಡಿಸ್ಕ್‌ಗೂ ಮೇಲ್ ಸರ್ವರ್‌ಗೂ ಏನು ಸಂಬಂಧ?

ಖಾಲಿತಟ್ಟೆ

ಇದಕ್ಕೆ ಒಂದೇ ಮದ್ದು. ಶಿಫಾರಸುಗಳನ್ನು ಪೂರ್ತಿ ನಿಲ್ಲಿಸಿ. 2009ರಲ್ಲಿ ಬಂದ ಲೆನ್ನಿ ಆವೃತ್ತಿಯಿಂದ ಡೆಬಿಯನ್‌ನ ಪ್ಯಾಕೇಜ್ ನಿರ್ವಾಹಕ ಆಪ್ಟ್ ಪ್ರತಿ ಪ್ಯಾಕೇಜ್ ಜೊತೆ ಅದು ಶಿಫಾರಸು ಮಾಡಿದ್ದನ್ನೆಲ್ಲ ತಾನಾಗಿ ಎಳೆದುಕೊಂಡು ಬರುತ್ತದೆ. ಮೊದಲು ಹಾಗಿರಲಿಲ್ಲ. ಇನ್‌ಸ್ಟಾಲರ್‌ಗೆ ಮೊದಲೇ ಉತ್ತರ ಬರೆದುಕೊಡುವ ಪ್ರಿಸೀಡ್ ಕಡತದಲ್ಲಿ ಬೇಸ್-ಇನ್‌ಸ್ಟಾಲರ್‌ನ ಇನ್‌ಸ್ಟಾಲ್-ರೆಕಮೆಂಡ್ಸ್ ಎಂಬ ಸಾಲಿಗೆ ಫಾಲ್ಸ್ ಎಂದು ಬರೆಯಿರಿ. ಆ ಆಯ್ಕೆ ಸ್ಥಾಪಿಸಿದ ವ್ಯವಸ್ಥೆಯ ಆಪ್ಟ್ ಸಂರಚನೆಗೂ ಹೋಗುತ್ತದೆ. ನನ್ನ ಎಲ್ಲ ಯಂತ್ರಗಳೂ ಹೀಗೇ ಇವೆ. ಅನಗತ್ಯವಾದ ಒಂದು ಪ್ಯಾಕೇಜ್ ಕೂಡ ಇಲ್ಲ.

ಹಳೆಯ ಕೀಲಿಮಣೆ

ಖಾಲಿತಟ್ಟೆಯವರೇ, ನಾನು ಹತ್ತು ವರ್ಷ ಸರ್ವರ್‌ಗಳನ್ನು ನೋಡಿಕೊಂಡವನು. ನೀವು ಹೇಳಿದ್ದನ್ನೇ ನಾನೂ ಮಾಡಿದ್ದೆ. ಅದರ ಫಲ ಏನಾಯಿತು ಎಂದು ಇಲ್ಲಿ ಬರೆಯಲೇಬೇಕು, ಏಕೆಂದರೆ ಈ ಎಳೆಯನ್ನು ಓದಿ ಇನ್ನೂ ಹಲವರು ಆ ಸಾಲನ್ನು ನಕಲು ಮಾಡಿಕೊಳ್ಳುತ್ತಾರೆ.

ನಾನು ಕೆಲಸ ಮಾಡುತ್ತಿದ್ದ ಕಡೆ ಎರಡು ಡಿಸ್ಕ್‌ಗಳ ರೇಯ್ಡ್ ಇತ್ತು. ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ ಎಂಬ ನೆಮ್ಮದಿ. ಶಿಫಾರಸು ನಿಲ್ಲಿಸಿದ್ದರಿಂದ ಆ ಯಂತ್ರದಲ್ಲಿ ಮೇಲ್ ಕಳಿಸುವ ಯಾವ ವ್ಯವಸ್ಥೆಯೂ ಇರಲಿಲ್ಲ. ಒಂದು ಡಿಸ್ಕ್ ಕೆಟ್ಟಿತು. ಎಂಡಿಎಡಿಎಂನ ಕಾವಲು ಪ್ರಕ್ರಿಯೆ ಅದನ್ನು ಆ ಕ್ಷಣವೇ ಕಂಡುಹಿಡಿದಿತ್ತು, ರೂಟ್ ಬಳಕೆದಾರನಿಗೆ ಮೇಲ್ ಕಳಿಸಲು ನೋಡಿತ್ತು. ಕಳಿಸಲು ಯಾರೂ ಇರಲಿಲ್ಲ. ನಾಲ್ಕು ತಿಂಗಳ ನಂತರ ಎರಡನೆಯ ಡಿಸ್ಕ್ ಕೂಡ ಹೋದ ದಿನ ನಾನು ಮೊದಲ ಬಾರಿಗೆ ಆ ಯಂತ್ರದ ಲಾಗ್ ತೆರೆದೆ. ಮೊದಲ ಡಿಸ್ಕ್ ಸತ್ತ ದಿನಾಂಕ ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಸಾಲನ್ನು ನಾನು ಇವತ್ತಿಗೂ ಮರೆತಿಲ್ಲ.

ಗುಬ್ಬಿಗೂಡು ಅವರೇ, ಡಿಸ್ಕ್‌ಗೂ ಮೇಲ್‌ಗೂ ಇರುವ ಸಂಬಂಧ ಇದು. ಎಂಡಿಎಡಿಎಂ ಪ್ಯಾಕೇಜ್ ಯಾವುದಾದರೂ ಒಂದು ಮೇಲ್ ಸಾಗಿಸುವ ತಂತ್ರಾಂಶವನ್ನು ಶಿಫಾರಸು ಮಾಡುತ್ತದೆ. ಎಕ್ಸಿಮ್ಮೇ ಆಗಬೇಕೆಂದು ಅದು ಕೇಳುವುದಿಲ್ಲ. ಯಾರೂ ಏನೂ ಹೇಳದಿದ್ದಾಗ ಡೆಬಿಯನ್‌ನಲ್ಲಿ ಆ ಜಾಗಕ್ಕೆ ಎಕ್ಸಿಮ್ ಬರುತ್ತದೆ, ಅಷ್ಟೇ. ನಿಮಗೆ ಪೂರ್ಣ ಮೇಲ್ ಸರ್ವರ್ ಬೇಡವಾದರೆ ಡಿಎಂಎ ಅಥವಾ ನಲ್‌ಮೇಲರ್ ಹಾಕಿ. ಎರಡೂ ಪುಟ್ಟವು, ಹೊರಗಿನಿಂದ ಮೇಲ್ ಸ್ವೀಕರಿಸುವುದಿಲ್ಲ, ಒಳಗಿನದನ್ನು ಹೊರಗೆ ಕಳಿಸುತ್ತವೆ. ಅವುಗಳಲ್ಲಿ ಒಂದನ್ನು ಎಂಡಿಎಡಿಎಂ ಜೊತೆಗೇ ಒಂದೇ ಕಮಾಂಡ್‌ನಲ್ಲಿ ಕೇಳಿದರೆ ಶಿಫಾರಸು ಪೂರೈಸಿದಂತಾಗುತ್ತದೆ, ಎಕ್ಸಿಮ್‌ಗೆ ಒಳಬರಲು ಕಾರಣವೇ ಉಳಿಯುವುದಿಲ್ಲ. ಹಾಕಿದ ಮೇಲೆ ಒಂದು ಪರೀಕ್ಷಾ ಮೇಲ್ ಕಳಿಸಿ ನಿಮ್ಮ ಅಂಚೆಪೆಟ್ಟಿಗೆಗೆ ಬಂತೇ ಎಂದು ನೋಡುವುದನ್ನು ಮಾತ್ರ ಬಿಡಬೇಡಿ. ಎಂಡಿಎಡಿಎಂನ ಮಾನಿಟರ್ ಆಯ್ಕೆಯ ಜೊತೆ ಟೆಸ್ಟ್ ಎಂದು ಕೊಟ್ಟರೆ ಅದೇ ಒಂದು ಸುಳ್ಳು ಎಚ್ಚರಿಕೆ ಕಳಿಸುತ್ತದೆ.

ಡೆಬಿಯನ್ ನೀತಿಯಲ್ಲಿ ಮೂರು ಹಂತಗಳಿವೆ. ಅವಲಂಬನೆ ಎಂದರೆ ಅದಿಲ್ಲದೆ ಪ್ಯಾಕೇಜ್ ನಡೆಯುವುದಿಲ್ಲ. ಶಿಫಾರಸು ಎಂದರೆ ತೀರಾ ಅಪರೂಪದ ಸ್ಥಾಪನೆಗಳನ್ನು ಬಿಟ್ಟರೆ ಉಳಿದೆಲ್ಲ ಕಡೆ ಜೊತೆಯಲ್ಲಿ ಇರಬೇಕಾದುದು. ಸಲಹೆ ಎಂದರೆ ಇದ್ದರೆ ಒಳ್ಳೆಯದು, ಆಪ್ಟ್ ಅದನ್ನು ತಾನಾಗಿ ತರುವುದಿಲ್ಲ. ಶಿಫಾರಸನ್ನು ಇಡಿಯಾಗಿ ಮುಚ್ಚುವುದೆಂದರೆ ನಿಮ್ಮ ಪ್ರತಿಯೊಂದು ಪ್ಯಾಕೇಜ್ ಬಗ್ಗೆಯೂ ನಿಮ್ಮದು ಆ ಅಪರೂಪದ ಸ್ಥಾಪನೆ ಎಂದು ಹೇಳಿದ ಹಾಗೆ. ಪ್ರತಿಯೊಂದರ ವಿವರ ಓದಿ ಅಷ್ಟು ಧೈರ್ಯವಾಗಿ ಹೇಳಬಲ್ಲವರು ಹೇಳಲಿ. ನನ್ನಿಂದ ಆಗಲಿಲ್ಲ.

ಖಾಲಿತಟ್ಟೆ

ನಿಮ್ಮ ಅನುಭವ ಓದಿ ಮನಸ್ಸಿಗೆ ತಟ್ಟಿತು. ಈಗಷ್ಟೇ ನನ್ನ ಯಂತ್ರಗಳನ್ನೂ ಪರೀಕ್ಷಿಸಿದೆ. ಎರಡರಲ್ಲಿ ರೇಯ್ಡ್ ಇದೆ, ಎರಡರಲ್ಲೂ ಮೇಲ್ ಕಳಿಸುವವರು ಯಾರೂ ಇಲ್ಲ. ಇವತ್ತೇ ಡಿಎಂಎ ಹಾಕುತ್ತೇನೆ.

ಆದರೂ ನನ್ನ ಮಾತನ್ನು ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ. ಒಂದೇ ಕೆಲಸಕ್ಕೆ ಮೀಸಲಾದ ಯಂತ್ರ, ಕಂಟೇನರ್, ಇಂಥ ಕಡೆ ಶಿಫಾರಸು ನಿಲ್ಲಿಸುವುದು ಸರಿಯೇ. ಗುಬ್ಬಿಗೂಡು ಅವರ ಡೆಸ್ಕ್‌ಟಾಪ್ ಯಂತ್ರಗಳಿಗೆ ಅದನ್ನು ಹೇಳಿದ್ದು ಅವಸರವಾಯಿತು. ಮತ್ತೆ ಆ ಓರ್ಕಾ, ಸ್ಕ್ಯಾನರ್ ಇವನ್ನಾದರೂ ಧಾರಾಳವಾಗಿ ತೆಗೆಯಬಹುದು.

ಕಿವಿಗಣ್ಣು

ಓರ್ಕಾ ಬಗ್ಗೆ ಒಂದು ಮಾತು. ನಾನು ಈ ಎಳೆಯನ್ನು ಓದುತ್ತಿರುವುದು ಓರ್ಕಾ ಮೂಲಕ.

ಅದು ಪರದೆ ಓದುವ ತಂತ್ರಾಂಶ. ನನಗೆ ಕಣ್ಣು ಕಾಣಿಸುವುದಿಲ್ಲ. ಡೆಬಿಯನ್ ಇನ್‌ಸ್ಟಾಲರ್ ಶುರುವಾದಾಗ ಬೂಟ್ ಮೆನುವಿನಲ್ಲಿ ಎಸ್ ಕೀಲಿ ಒತ್ತಿ ಎಂಟರ್ ಒತ್ತಿದರೆ ಅದು ಮಾತನಾಡತೊಡಗುತ್ತದೆ. ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳದೆ ನನ್ನ ಡಿಸ್ಕ್ ಅನ್ನು ನಾನೇ ಭಾಗ ಮಾಡಿ, ನನ್ನ ಪಾಸ್‌ವರ್ಡ್ ನಾನೇ ಇಟ್ಟು, ನನ್ನ ವ್ಯವಸ್ಥೆಯನ್ನು ನಾನೇ ಸ್ಥಾಪಿಸಿಕೊಂಡ ದಿನ ನನಗೆ ಎಂಥದ್ದಾಗಿತ್ತು ಎಂದು ಹೇಳಿದರೆ ನಿಮಗೆ ಅರ್ಥವಾಗುವುದು ಕಷ್ಟ. ಅದಕ್ಕೆ ಮುಂಚೆ ನನ್ನ ಪಾಸ್‌ವರ್ಡ್ ಪ್ರತಿ ಸಲವೂ ಇನ್ನೊಬ್ಬರ ಬಾಯಿಂದ ಕೇಳಿದ್ದೇ ಆಗಿತ್ತು.

ನಿಮ್ಮ ಸ್ವಂತ ಯಂತ್ರವಾದರೆ ತೆಗೆಯಿರಿ, ಆಕ್ಷೇಪವಿಲ್ಲ. ಆದರೆ ಗುಬ್ಬಿಗೂಡು ಅವರು ಮಾಡುತ್ತಿರುವುದು ಎಲ್ಲರೂ ಬಂದು ಕೂರುವ ಕೊಠಡಿ. ಅಲ್ಲಿಗೆ ನನ್ನಂಥವರು ಬಂದ ದಿನ ಆಲ್ಟ್, ಸೂಪರ್, ಎಸ್ ಒತ್ತಿ ಮೌನವೇ ಉತ್ತರವಾದರೆ, ಆ ಯಂತ್ರ ನಮಗೆ ಇಲ್ಲದ ಹಾಗೆಯೇ. ಡಿಸ್ಕ್‌ನಲ್ಲಿ ಜಾಗ ಉಳಿಸಲು ಬೇರೆ ಎಷ್ಟೋ ಇದೆ.

ಬೂಟ್‌ಕಲ್ಲು

ಕಿವಿಗಣ್ಣು ಅವರೇ, ಹೇಳಿದ್ದು ಒಳ್ಳೆಯದಾಯಿತು. ನನಗೂ ಇದು ಹೊಳೆದಿರಲಿಲ್ಲ.

ಗುಬ್ಬಿಗೂಡು ಅವರ ಮೊದಲ ಪ್ರಶ್ನೆಗೆ ಉತ್ತರ ಬಾಕಿ ಇದೆ. ಟಾಸ್ಕ್‌ಸೆಲ್‌ನಲ್ಲಿ ನೀವು ಆರಿಸಿದ್ದು ಎಕ್ಸ್‌ಎಫ್‌ಸಿಇ ಪ್ಯಾಕೇಜ್ ಅಲ್ಲ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಎಂಬ ಟಾಸ್ಕ್. ಅದರೊಳಗೆ ಕಾರ್ಯಕ್ರಮ ಏನೂ ಇರುವುದಿಲ್ಲ, ಬೇರೆ ಪ್ಯಾಕೇಜ್‌ಗಳ ಪಟ್ಟಿ ಮಾತ್ರ. ಲಿಬ್ರೆಆಫೀಸ್ ಮುಂತಾದವು ಆ ಪಟ್ಟಿಯ ಶಿಫಾರಸುಗಳು. ಹೊಸಬರೊಬ್ಬರು ಡೆಸ್ಕ್‌ಟಾಪ್ ಕೇಳಿದರೆ ಪತ್ರ ಬರೆಯಲು, ಚಿತ್ರ ನೋಡಲು ಎಲ್ಲ ಸಿಗಲಿ ಎಂಬ ಉದ್ದೇಶ.

ಹಾಗಾಗಿ ಟಾಸ್ಕ್ ಬಿಡಿ. ಟಾಸ್ಕ್‌ಸೆಲ್‌ನಲ್ಲಿ ಸಾಮಾನ್ಯ ಉಪಕರಣಗಳಿಗೆ ಮಾತ್ರ ಗುರುತು ಹಾಕಿ. ಪ್ರಿಸೀಡ್ ಕಡತದಲ್ಲಿ ಪಿಕೆಜಿಸೆಲ್‌ನ ಇನ್‌ಕ್ಲೂಡ್ ಎಂಬ ಸಾಲು ಇದೆ. ನಿಮಗೆ ಬೇಕಾದ ಪ್ಯಾಕೇಜ್‌ಗಳ ಹೆಸರನ್ನು ಅಲ್ಲಿ ಸಾಲಾಗಿ ಬರೆಯಿರಿ: ಎಕ್ಸ್‌ಎಫ್‌ಸಿಇ4, ಲೈಟ್‌ಡಿಎಂ (ಲಾಗಿನ್ ಪರದೆ), ಫೈರ್‌ಫಾಕ್ಸ್-ಇಎಸ್ಆರ್, ಓರ್ಕಾ, ಫಾಂಟ್ಸ್-ಕೆಎನ್‌ಡಿಎ, ಹೀಗೆ. ಈ ಕೊನೆಯದು ಹಾಕಿದರೆ ನೀವು ಅಳಿಸಿಕೊಂಡ ಲೋಹಿತ್, ನವಿಲು, ಗುಬ್ಬಿ ಮೂರೂ ಬರುತ್ತವೆ. ಟೈಪ್ ಮಾಡುವ ಸಲಕರಣೆ ಬೇರೆ, ಅದಕ್ಕೆ ಐಬಸ್ ಸೇರಿಸಿ.

ಬೇಲಿಮುಳ್ಳು

ಇಷ್ಟಾದರೂ ನುಸುಳುವ ಒಂದೆರಡು ಇರುತ್ತವೆ. ಅವಕ್ಕೆ ಪಿನ್ನಿಂಗ್ ಇದೆ.

ಆಪ್ಟ್‌ನ ಪ್ರಿಫರೆನ್ಸಸ್-ಡಿ ಕಡತಕೋಶದಲ್ಲಿ ಮೂರು ಸಾಲಿನ ಪುಟ್ಟ ಕಡತ ಇಡಬೇಕು. ಮೊದಲ ಸಾಲಿನಲ್ಲಿ ಪ್ಯಾಕೇಜ್ ಹೆಸರು, ಎರಡನೆಯದರಲ್ಲಿ ಯಾವ ಬಿಡುಗಡೆಯದ್ದಾದರೂ ಸರಿ ಎಂಬ ಸೂಚನೆ, ಮೂರನೆಯದರಲ್ಲಿ ಆದ್ಯತೆಯ ಅಂಕಿ. ಅಂಕಿ ಸೊನ್ನೆಗಿಂತ ಕೆಳಗಿದ್ದರೆ ಆಪ್ಟ್ ಆ ಪ್ಯಾಕೇಜನ್ನು ಹಾಕುವುದೇ ಇಲ್ಲ. ಲಿನಕ್ಸ್ ಮಿಂಟ್ 2020ರಲ್ಲಿ ತನ್ನ 20ನೆಯ ಆವೃತ್ತಿಯಲ್ಲಿ, ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜ್‌ಗಳನ್ನು ನಡೆಸುವ ಸ್ನ್ಯಾಪ್‌ಡಿ ಒಳಬರದಂತೆ ತಡೆದದ್ದು ಇದೇ ಉಪಾಯದಿಂದ. ನೋಸ್ನ್ಯಾಪ್ ಎಂಬ ಕಡತ, ಅದರಲ್ಲಿ ಆದ್ಯತೆ ಮೈನಸ್ 10. ಉಬುಂಟುವಿನಲ್ಲಿ ಕ್ರೋಮಿಯಂ ಪ್ಯಾಕೇಜ್ ಕೇಳಿದರೆ ಅದು ಹಿಂದಿನಿಂದ ಸ್ನ್ಯಾಪ್ ತಂದು ಹಾಕುತ್ತಿತ್ತು. ಬಳಕೆದಾರರು ಕೇಳಿದ್ದು ಒಂದು, ಬಂದದ್ದು ಇನ್ನೊಂದು ಎಂಬುದೇ ಮಿಂಟ್‌ನವರ ತಕರಾರಾಗಿತ್ತು.

ಈ ಕಡತವನ್ನು ಸ್ಥಾಪನೆ ಮುಗಿದ ಮೇಲೆ ಇಟ್ಟರೆ ತಡವಾಯಿತು. ಪ್ಯಾಕೇಜ್ ಆಯ್ಕೆ ಶುರುವಾಗುವ ಮುಂಚೆ ಇರಬೇಕು. ಡೆಬಿಯನ್ ಇನ್‌ಸ್ಟಾಲರ್‌ನಲ್ಲಿ ಅದಕ್ಕೊಂದು ಸಂದು ಇದೆ. ಯುಎಸ್ಆರ್-ಲಿಬ್ ಅಡಿಯಲ್ಲಿ ಪ್ರಿ-ಪಿಕೆಜಿಸೆಲ್-ಡಿ ಎಂಬ ಕಡತಕೋಶದಲ್ಲಿರುವ ಸ್ಕ್ರಿಪ್ಟ್‌ಗಳನ್ನು ಇನ್‌ಸ್ಟಾಲರ್ ಪ್ಯಾಕೇಜ್ ಆಯ್ಕೆಗೆ ಮೊದಲು ಓಡಿಸುತ್ತದೆ. ಪ್ರಿಸೀಡ್‌ನ ಅರ್ಲಿ-ಕಮಾಂಡ್ ಬಳಸಿ ಅಲ್ಲಿ ನಿಮ್ಮ ಸ್ಕ್ರಿಪ್ಟ್ ಇಡಿ. ಅದು ಟಾರ್ಗೆಟ್ (ಸ್ಥಾಪನೆಯಾಗುತ್ತಿರುವ ವ್ಯವಸ್ಥೆ) ಒಳಗಿನ ಆಪ್ಟ್ ಕಡತಕೋಶಕ್ಕೆ ಪಿನ್ ಕಡತವನ್ನು ಬರೆಯುತ್ತದೆ. ಸ್ಕ್ರಿಪ್ಟ್‌ಗೆ ಓಡುವ ಅನುಮತಿ ಕೊಡುವುದು ಮರೆಯಬಾರದು. ನಾನು ಮರೆತು ಅರ್ಧ ದಿನ ಕಳೆದಿದ್ದೇನೆ, ಯಾವ ದೂರೂ ಇಲ್ಲದೆ ಸುಮ್ಮನೆ ದಾಟಿಹೋಗುತ್ತದೆ.

ಒಂದು ಎಚ್ಚರಿಕೆ. ಪಿನ್ ಹಾಕಿದ ಪ್ಯಾಕೇಜ್ ಯಾವುದಾದರೂ ಇನ್ನೊಂದಕ್ಕೆ ಕಡ್ಡಾಯ ಅವಲಂಬನೆಯಾಗಿದ್ದರೆ ಇನ್‌ಸ್ಟಾಲರ್ ಅಲ್ಲಿಗೇ ನಿಲ್ಲುತ್ತದೆ. ತಂತ್ರಾಂಶ ಆಯ್ಕೆಯ ಹಂತ ವಿಫಲವಾಯಿತು ಎಂಬ ಕೆಂಪು ಪರದೆ ಬರುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಆಗ ಆಲ್ಟ್ ಮತ್ತು ಎಫ್4 ಒತ್ತಿ. ಲಾಗ್ ಓಡುವ ಕಪ್ಪು ಪರದೆ ಬರುತ್ತದೆ. ಕೊನೆಯ ಇಪ್ಪತ್ತು ಸಾಲು ಓದಿದರೆ ಯಾರು ಯಾರನ್ನು ಬಯಸಿ ಸಿಗದೆ ನಿಂತರು ಎಂದು ಬರೆದಿರುತ್ತದೆ. ಶಿಫಾರಸಿನ ಮೂಲಕ ಬರುವವಕ್ಕೆ ಪಿನ್ ಹಾಕಿದರೆ ಈ ತೊಂದರೆ ಇಲ್ಲ.

ನೀಲಿಟೊಪ್ಪಿ

ಡೆಬಿಯನ್ ಅಲ್ಲದವರಿಗಾಗಿ ಚುಟುಕಾಗಿ ಬರೆಯುತ್ತೇನೆ. ಫೆಡೋರಾದಲ್ಲಿ ಪ್ರಿಸೀಡ್‌ನಂಥದೇ ಆದ ಕಿಕ್‌ಸ್ಟಾರ್ಟ್ ಕಡತದ ಪ್ಯಾಕೇಜಸ್ ವಿಭಾಗದಲ್ಲಿ ಹೆಸರಿನ ಮುಂದೆ ಒಂದು ಕಳೆಯುವ ಚಿಹ್ನೆ ಹಾಕಿದರೆ ಸಾಕು, ಗುಂಪು ಬಂದರೂ ಅದು ಬರುವುದಿಲ್ಲ. ಓಪನ್‌ಸೂಸೆಯ ಯಾಸ್ಟ್ ಇನ್‌ಸ್ಟಾಲರ್‌ನಲ್ಲಿ ಪ್ರತಿ ಪ್ಯಾಕೇಜ್‌ಗೆ ನಿಷಿದ್ಧ ಎಂಬ ಸ್ಥಿತಿಯೇ ಇದೆ, ಟ್ಯಾಬೂ ಎನ್ನುತ್ತಾರೆ. ಇದು ಮುಖ್ಯ, ಏಕೆಂದರೆ ಅಲ್ಲಿ ಗುರುತು ತೆಗೆದು ಬಿಟ್ಟದ್ದು ಮುಂದಿನ ಅಪ್‌ಡೇಟ್‌ನಲ್ಲಿ ಪ್ಯಾಟರ್ನ್‌ನ (ಪ್ಯಾಕೇಜ್ ಗುಂಪಿನ) ಶಿಫಾರಸಿನಿಂದ ಮತ್ತೆ ಬರಬಹುದು. ಬೀಗ ಹಾಕಿದರೆ ಬರುವುದಿಲ್ಲ. ಆಲ್ಪೈನ್‌ನಲ್ಲಿ ಹೆಸರಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಇಟ್ಟು ಸೇರಿಸಿದರೆ ಅದು ವರ್ಲ್ಡ್ ಕಡತದಲ್ಲಿ ಬೇಡ ಎಂದು ದಾಖಲಾಗುತ್ತದೆ. ಜೆಂಟೂದಲ್ಲಿ ಇದೇ ಕೆಲಸಕ್ಕೆ ಪ್ಯಾಕೇಜ್ ಮಾಸ್ಕ್ ಇದೆ. ಇವೆಲ್ಲಕ್ಕಿಂತ ಹಳಬ ಸ್ಲ್ಯಾಕ್‌ವೇರ್. ಟ್ಯಾಗ್‌ಫೈಲ್ ಎಂಬ ಸಾದಾ ಪಠ್ಯ ಕಡತದಲ್ಲಿ ಪ್ರತಿ ಪ್ಯಾಕೇಜ್ ಎದುರು ಸೇರಿಸು ಅಥವಾ ಬಿಟ್ಟುಬಿಡು ಎಂಬ ಮೂರಕ್ಷರದ ಸಂಕೇತ. ಅವಲಂಬನೆ ನೋಡುವ ಯಂತ್ರವೇ ಅದರಲ್ಲಿಲ್ಲ, ಪೂರ್ತಿ ಜವಾಬ್ದಾರಿ ನಮ್ಮದು.

ಸ್ವತಂತ್ರಪಕ್ಷಿ

ಎಲ್ಲರೂ ಜಾಗದ ಬಗ್ಗೆಯೇ ಮಾತನಾಡುತ್ತಿದ್ದೀರಿ. ನನಗೆ ಬೇಡವಾದದ್ದು ಬೇರೆ. ಮೂಲ ಸಂಕೇತ ನೋಡಲು ಸಿಗದ ಸ್ವಾಮ್ಯದ ತಂತ್ರಾಂಶ ನನ್ನ ಯಂತ್ರಕ್ಕೆ ಬರಬಾರದು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ತಮ್ಮ ಸಾಮಾಜಿಕ ಒಪ್ಪಂದವನ್ನೇ ತಿದ್ದಿದರು. 2023ರ ಜೂನ್‌ನಲ್ಲಿ ಬಂದ 12ನೆಯ ಆವೃತ್ತಿಯಿಂದ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಸ್ವತಂತ್ರವಲ್ಲದ ಫರ್ಮ್‌ವೇರ್ (ಯಂತ್ರಾಂಶದೊಳಗೆ ಓಡುವ ತಂತ್ರಾಂಶ) ಇದೆ, ಯಂತ್ರಾಂಶ ಕೇಳಿದರೆ ಅದು ತಾನಾಗಿ ಸೇರುತ್ತದೆ. ಬೇಡವಾದವರು ಬೂಟ್ ಸಾಲಿನಲ್ಲಿ ಫರ್ಮ್‌ವೇರ್, ಸಮ ಚಿಹ್ನೆ, ನೆವರ್ ಎಂದು ಬರೆಯಬೇಕು. ಇದು ದಾಖಲೆಗಳಲ್ಲಿ ಇದೆ, ಆದರೆ ಓದಿದವರು ಎಷ್ಟು ಜನ?

ಸ್ಥಾಪಿಸಿದ ಮೇಲೆ ಸ್ವತಂತ್ರವಲ್ಲದ್ದು ಏನು ಸೇರಿದೆ ಎಂದು ತಿಳಿಯಲು ಚೆಕ್-ಡಿಎಫ್ಎಸ್‌ಜಿ-ಸ್ಟೇಟಸ್ ಎಂಬ ಉಪಕರಣ ಇದೆ. ನನಗೆ ತುಂಬಾ ಇಷ್ಟವಾದದ್ದು ಪ್ಯಾರಬೋಲಾ ಎಂಬ ಲಿನಕ್ಸ್ ವಿತರಣೆಯವರ ಉಪಾಯ. ಯುವರ್-ಫ್ರೀಡಂ ಎಂಬ ಪ್ಯಾಕೇಜ್ ಒಂದನ್ನು ಮಾಡಿದ್ದಾರೆ. ಅದು ಸ್ವತಂತ್ರವಲ್ಲದ ಪ್ಯಾಕೇಜ್‌ಗಳ ಜೊತೆ ತನಗೆ ಘರ್ಷಣೆ ಇದೆ ಎಂದು ಘೋಷಿಸಿಕೊಂಡಿದೆ. ಅದಿರುವ ತನಕ ಅವು ಒಳಬರಲಾರವು.

ಹಳೆಯ ಕೀಲಿಮಣೆ

ನಿಮ್ಮ ನಿಲುವನ್ನು ಗೌರವಿಸುತ್ತೇನೆ. ಆದರೆ ಹೊಸಬರು ಆ ಬೂಟ್ ಆಯ್ಕೆ ಹಾಕುವ ಮುಂಚೆ ತಿಳಿದಿರಲಿ: ಹಲವು ವೈಫೈ ಕಾರ್ಡ್‌ಗಳು ಫರ್ಮ್‌ವೇರ್ ಇಲ್ಲದೆ ಏಳುವುದೇ ಇಲ್ಲ. ನೆಟ್‌ಇನ್‌ಸ್ಟ್ ಬಳಸುವವರು ವೈರ್ ಸಿದ್ಧವಿಟ್ಟುಕೊಳ್ಳಬೇಕು. ಇನ್ನೊಂದು, ಸಿಪಿಯು ಮೈಕ್ರೋಕೋಡ್ (ಚಿಪ್‌ನೊಳಗೆ ಓಡುವ ಸಂಕೇತ) ಕೂಡ ಅದೇ ವಿಭಾಗದಲ್ಲಿದೆ. ಸ್ಪೆಕ್ಟರ್‌ನಂಥ ಸಿಪಿಯು ಭದ್ರತಾ ದೋಷಗಳ ತಿದ್ದುಪಡಿ ಅದರ ಮೂಲಕ ಬರುತ್ತದೆ. ಅದನ್ನು ಬಿಟ್ಟರೆ ಚಿಪ್‌ನೊಳಗೆ ಮೊದಲೇ ಇರುವ ಹಳೆಯ ಸ್ವಾಮ್ಯದ ಸಂಕೇತವೇ ದೋಷಸಹಿತ ಓಡುತ್ತಿರುತ್ತದೆ.

ಸ್ವತಂತ್ರಪಕ್ಷಿ

ಮೈಕ್ರೋಕೋಡ್ ವಿಷಯ ನನಗೂ ಬಗೆಹರಿಯದ ಕಗ್ಗಂಟು. ಒಪ್ಪುತ್ತೇನೆ. ನನ್ನ ಬೇಡಿಕೆ ಇಷ್ಟೇ: ಇನ್‌ಸ್ಟಾಲರ್ ಆ ಕಡತ ಹಾಕುವ ಮುಂಚೆ ಒಂದು ಮಾತು ಕೇಳಲಿ. ಬೇಡ ಎನ್ನುವವರಿಗೆ ಹುಡುಕಾಟವಿಲ್ಲದೆ ಗುಂಡಿ ಸಿಗಲಿ.

ಐಎಸ್ಒಕಟ್ಟುಗ

ಒಂದು ಸಣ್ಣ ವಿತರಣೆಗೆ ಐಎಸ್ಒ ಕಟ್ಟಿಕೊಡುವ ಕೆಲಸ ಮಾಡಿದ್ದೇನೆ. ಕಟ್ಟುವವರ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ.

ಒಂದೊಂದು ಪ್ಯಾಕೇಜ್‌ಗೂ ಒಬ್ಬರು ಬಂದು ಇದು ಬೇಕೇ ಬೇಕು ಎನ್ನುತ್ತಾರೆ. ಪ್ರತಿಯೊಬ್ಬರ ಕಾರಣವೂ ನ್ಯಾಯವಾಗಿಯೇ ಇರುತ್ತದೆ. ತೆಗೆಯಿರಿ ಎಂದು ಕೇಳಲು ಬರುವವರು ಕಡಿಮೆ, ಏಕೆಂದರೆ ಬೇಡದವರು ತಮ್ಮ ಯಂತ್ರದಲ್ಲಿ ತೆಗೆದುಕೊಂಡು ಸುಮ್ಮನಾಗುತ್ತಾರೆ. ಹೀಗೆ ಪಟ್ಟಿ ಒಂದೇ ದಿಕ್ಕಿಗೆ ಬೆಳೆಯುತ್ತದೆ.

ಲೈವ್ ಐಎಸ್ಒ ಕಟ್ಟುವವರು ಬಾಗಿಲಲ್ಲಿ ತಡೆಯುವುದಕ್ಕಿಂತ ಆಮೇಲೆ ತೆಗೆಯುವುದನ್ನೇ ಹೆಚ್ಚು ಮಾಡುತ್ತಾರೆ. ಕಲಮಾರಿಸ್‌ನಲ್ಲಿ ಪ್ಯಾಕೇಜಸ್ ಎಂಬ ಘಟಕವಿದೆ. ನಕಲು ಮುಗಿದ ಮೇಲೆ ಇವನ್ನು ತೆಗೆ ಎಂದು ಅಲ್ಲಿ ಬರೆಯಬಹುದು. ಇನ್‌ಸ್ಟಾಲರ್ ತನ್ನನ್ನು ತಾನೇ ಅಳಿಸಿಕೊಂಡು ಹೋಗುವುದು ಈ ಪಟ್ಟಿಯಿಂದ. ಅದರಲ್ಲಿ ಟ್ರೈ-ರಿಮೂವ್ ಎಂದು ಬರೆದರೆ ಪ್ಯಾಕೇಜ್ ಇಲ್ಲದಿದ್ದರೂ ಸ್ಥಾಪನೆ ಕೆಡುವುದಿಲ್ಲ. ಬರಿಯ ರಿಮೂವ್ ಎಂದು ಬರೆದು ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಸ್ಥಾಪನೆ ಕೊನೆಯ ಹಂತದಲ್ಲಿ ಮುಗ್ಗರಿಸುತ್ತದೆ. ಉಬುಂಟು 18.04ರಲ್ಲಿ ಬಂದ ಕನಿಷ್ಠ ಸ್ಥಾಪನೆ ಕೂಡ ಹೀಗೇ ಇತ್ತು. ಎಲ್ಲವನ್ನೂ ನಕಲು ಮಾಡಿ, ಆಮೇಲೆ ಮ್ಯಾನಿಫೆಸ್ಟ್ ಕಡತದಲ್ಲಿ ಬರೆದ ಹೆಸರುಗಳನ್ನು ತೆಗೆಯುತ್ತಿತ್ತು. 23.10ರಿಂದ ಆ ಕನಿಷ್ಠವೇ ಮೂಲ ಆಯ್ಕೆಯಾಯಿತು.

ಬಳಕೆದಾರರ ಮಾತಿಗೆ ಬೆಲೆ ಇಲ್ಲ ಎಂದುಕೊಳ್ಳಬೇಡಿ. 2012ರಲ್ಲಿ ಉಬುಂಟು 12.10ರ ಡೆಸ್ಕ್‌ಟಾಪ್ ಹುಡುಕಾಟದಲ್ಲಿ ಅಮೆಜಾನ್ ಸರಕುಗಳು ಕಾಣಿಸಿಕೊಂಡಾಗ ಎಷ್ಟು ಜನ ಸಿಟ್ಟಾದರು! 16.04ರಲ್ಲಿ ಅದು ತಾನಾಗಿ ಚಾಲೂ ಆಗುವುದು ನಿಂತಿತು. 2019ರಲ್ಲಿ ಮಂಜಾರೊ ತನ್ನ ಐಎಸ್ಒದಲ್ಲಿ ಲಿಬ್ರೆಆಫೀಸ್ ಜಾಗಕ್ಕೆ ಸ್ವಾಮ್ಯದ ಫ್ರೀಆಫೀಸ್ ತರಲು ಹೊರಟಿತ್ತು. ಸಮುದಾಯ ಎದ್ದು ಕೇಳಿದ ಮೇಲೆ ಆಯ್ಕೆಯನ್ನು ಬಳಕೆದಾರರಿಗೇ ಬಿಟ್ಟಿತು.

ಹಾಗಾಗಿ ನನ್ನ ಕೋರಿಕೆ: ನಿಮ್ಮ ಯಂತ್ರದಲ್ಲಿ ಪಿನ್ ಹಾಕಿ ಮುಗಿಸಬೇಡಿ. ಆಪ್ಟಿಟ್ಯೂಡ್ ಹಾಕಿಕೊಂಡು ವೈ ಎಂಬ ಕಮಾಂಡ್ ಜೊತೆ ಪ್ಯಾಕೇಜ್ ಹೆಸರು ಕೊಡಿ. ಯಾರು ಅದನ್ನು ಕರೆತಂದರು, ಅವಲಂಬನೆಯೋ ಶಿಫಾರಸೋ ಎಂಬ ಸರಪಳಿ ಪೂರ್ತಿ ಬರುತ್ತದೆ. ಅದರಲ್ಲಿ ಕಡ್ಡಾಯವಾಗಬೇಕಿಲ್ಲದ ಕೊಂಡಿ ಕಂಡರೆ ಆ ಪ್ಯಾಕೇಜ್ ಮೇಲೆ ದೋಷವರದಿ ಬರೆಯಿರಿ. ಇದನ್ನು ಶಿಫಾರಸಿಗೆ ಇಳಿಸಿ, ಅಥವಾ ಶಿಫಾರಸಿನಿಂದ ಸಲಹೆಗೆ ಇಳಿಸಿ, ಕಾರಣ ಇಂತಿಂಥದ್ದು ಎಂದು. ನಿರ್ವಾಹಕರು ಓದುತ್ತಾರೆ. ಲಾಗ್ ಬರೆಯುವ ಆರ್‌ಸಿಸ್‌ಲಾಗ್ ಎಷ್ಟು ವರ್ಷ ಡೆಬಿಯನ್‌ನ ಪ್ರತಿ ಸ್ಥಾಪನೆಯಲ್ಲೂ ಇತ್ತು! ಸಿಸ್ಟಮ್‌ಡಿಯ ಜರ್ನಲ್ ಅದೇ ಕೆಲಸ ಮಾಡುತ್ತಿರುವುದರಿಂದ 12ನೆಯ ಆವೃತ್ತಿಯಲ್ಲಿ ಅದರ ಆದ್ಯತೆಯನ್ನು ಇಳಿಸಿದರು, ಈಗ ಕೇಳಿದವರಿಗೆ ಮಾತ್ರ ಬರುತ್ತದೆ.

ಬೇಲಿಮುಳ್ಳು

ಭದ್ರತೆಯ ಕಡೆಯಿಂದಲೂ ಸೇರಿಸಲೇ? 2024ರ ಸೆಪ್ಟೆಂಬರ್‌ನಲ್ಲಿ ಕಪ್ಸ್-ಬ್ರೌಸ್ಡ್‌ನ ದೋಷ ಹೊರಬಂತು. ಜಾಲದಲ್ಲಿರುವ ಪ್ರಿಂಟರ್ ಹುಡುಕುವ ಆ ಸೇವೆ 631ನೆಯ ಯುಡಿಪಿ ಪೋರ್ಟ್‌ನಲ್ಲಿ ಯಾರು ಏನು ಕಳಿಸಿದರೂ ಕೇಳಿಸಿಕೊಳ್ಳುತ್ತಿತ್ತು. ಪ್ರಿಂಟರ್ ಮುಖವನ್ನೇ ಕಾಣದ ಎಷ್ಟೋ ಯಂತ್ರಗಳಲ್ಲಿ ಅದು ಓಡುತ್ತಿತ್ತು. ಡೆಸ್ಕ್‌ಟಾಪ್ ಜೊತೆ ತಾನಾಗಿ ಬಂದಿತ್ತು, ಅಷ್ಟೇ.

ಪ್ರತಿ ಸ್ಥಾಪನೆಯ ನಂತರ ಎಸ್ಎಸ್ ಕಮಾಂಡ್ ಓಡಿಸಿ ಯಾವ ಯಾವ ಪೋರ್ಟ್ ತೆರೆದಿದೆ ಎಂದು ನೋಡಿ. ಪಟ್ಟಿಯಲ್ಲಿ ಹೆಸರು ತಿಳಿಯದ ಒಂದು ಕಂಡರೂ ಅದು ಯಾರೆಂದು ಪತ್ತೆ ಹಚ್ಚದೆ ಯಂತ್ರವನ್ನು ಬಿಟ್ಟುಕೊಡಬೇಡಿ.

ಗುಬ್ಬಿಗೂಡು

ಒಂದು ವಾರದ ನಂತರ ಬರೆಯುತ್ತಿದ್ದೇನೆ. 20 ಯಂತ್ರಗಳೂ ಮುಗಿದವು. ಮೊದಲ ನಾಲ್ಕನ್ನೂ ಹೊಸದಾಗಿ ಮಾಡಿದೆ.

ಪ್ರಿಸೀಡ್ ಕಡತದಲ್ಲಿ ಟಾಸ್ಕ್‌ಗೆ ಸಾಮಾನ್ಯ ಉಪಕರಣ ಮಾತ್ರ, ಇನ್‌ಕ್ಲೂಡ್ ಸಾಲಿನಲ್ಲಿ 19 ಪ್ಯಾಕೇಜ್‌ಗಳು. ಶಿಫಾರಸುಗಳನ್ನು ನಿಲ್ಲಿಸಲಿಲ್ಲ. ಎರಡಕ್ಕೆ ಮಾತ್ರ ಪಿನ್ ಹಾಕಿದೆ: ಎಕ್ಸಿಮ್ ಮತ್ತು ಕಪ್ಸ್-ಬ್ರೌಸ್ಡ್. ಮೊದಲ ಪ್ರಯತ್ನದಲ್ಲಿ ಮೂರನೆಯದಕ್ಕೂ ಹಾಕಿದ್ದೆ, ಕೆಂಪು ಪರದೆ ಬಂತು. ಆಲ್ಟ್-ಎಫ್4 ಒತ್ತಿ ಲಾಗ್ ಓದಿದಾಗ ಅದು ಡೆಸ್ಕ್‌ಟಾಪ್‌ಗೇ ಕಡ್ಡಾಯ ಎಂದು ತಿಳಿಯಿತು, ತೆಗೆದುಹಾಕಿದೆ. ಕಡತ ಸಂಗ್ರಹದ ಯಂತ್ರಕ್ಕೆ ಡಿಎಂಎ ಹಾಕಿ ಪರೀಕ್ಷಾ ಎಚ್ಚರಿಕೆ ಕಳಿಸಿದೆ. ಹಳೆಯ ಕೀಲಿಮಣೆಯವರೇ, ನನ್ನ ಅಂಚೆಪೆಟ್ಟಿಗೆಗೆ ಬಂತು. ಫರ್ಮ್‌ವೇರ್ ಬಗ್ಗೆ ಇಬ್ಬರ ಮಾತನ್ನೂ ಓದಿ ಕೊಠಡಿಯವರ ಮುಂದೆ ಇಟ್ಟೆ. ವೈರ್ ಇರುವ 17 ಯಂತ್ರಗಳಲ್ಲಿ ಮೈಕ್ರೋಕೋಡ್ ಒಂದನ್ನು ಬಿಟ್ಟು ಬೇರೇನೂ ಇಲ್ಲ. ವೈಫೈಯನ್ನೇ ನೆಚ್ಚಿಕೊಂಡ ಮೂರರಲ್ಲಿ ಅದರ ಫರ್ಮ್‌ವೇರ್ ಇದೆ, ಇದೆ ಎಂದು ಯಂತ್ರದ ಮೇಲೆ ಚೀಟಿ ಅಂಟಿಸಿದ್ದೇವೆ.

ಕಿವಿಗಣ್ಣು ಅವರೇ, ಓರ್ಕಾ ಎಲ್ಲ 20ರಲ್ಲೂ ಇದೆ. ಹನ್ನೊಂದನೆಯ ಯಂತ್ರವನ್ನು ಪ್ರಿಸೀಡ್ ಇಲ್ಲದೆ, ಎಸ್ ಒತ್ತಿ, ಪರದೆ ಆರಿಸಿ, ಬರಿಯ ಧ್ವನಿಯಿಂದಲೇ ಸ್ಥಾಪಿಸಲು ನೋಡಿದೆ. ಡಿಸ್ಕ್ ಭಾಗ ಮಾಡುವ ಕಡೆ ಎರಡು ಸಲ ದಾರಿ ತಪ್ಪಿದೆ, ಮೂರನೆಯ ಸಲ ಮುಗಿಯಿತು. ಲಾಗಿನ್ ಪರದೆಯಲ್ಲೂ ಅದು ಮಾತನಾಡುತ್ತದೆ. ಮಾತಿನ ವೇಗ ನನಗೆ ಸರಿ ಎನಿಸಿದ್ದನ್ನು ಇಟ್ಟಿದ್ದೇನೆ. ದಿನವೂ ಬಳಸುವವರು ಎಷ್ಟು ವೇಗ ಇಟ್ಟುಕೊಳ್ಳುತ್ತೀರಿ ಎಂದು ತಿಳಿಸಿದರೆ ಹಾಗೆಯೇ ಬದಲಾಯಿಸುತ್ತೇನೆ.